ಪಾಕ ನೋಡಿದ ಕೈ

ಒಂದು ಮಗ್ಗುಲಿಗೆ ಮಾತ್ರ ಬೆಳ್ಳಿಯ ಹೊಳಪು.
ಇನ್ನೊಂದು ಮಗ್ಗುಲು ಬೂದುಹತ್ತಿ, ನಾಯಿಮರಿಯ ಹೊಟ್ಟೆಯ ಹಾಗೆ.
ಕತ್ತರಿ ಆಡಿಸಿದರೆ ಚರಚರ,
ಬಸ್ಸಿನಲ್ಲಿ ಯಾರೋ ಕದ್ದು ಚಿಪ್ಸ್ ತಿನ್ನುತ್ತಿರುವಂತೆ.
ಮೀಟರಿಗೆ ಇಷ್ಟು ದುಡ್ಡಾ ಎಂದು
ಮಂಡ್ಯದ ಗುತ್ತಲು ರಸ್ತೆಯ ನನ್ನ ಅಂಗಡಿಯಲ್ಲಿ
ಕಾಜಾ ಹಾಕುವ ಶಿವಮಣಿ ಎರಡು ಸಲ ಕೇಳಿದಳು.
ಬಿಸಿ ತಡೆಯುತ್ತಂತೆ, ಎಂದೆ.
ತಡೆಯುತ್ತಾ, ತಡೆಯುತ್ತಂತಾ?

ಆರ್ಡರು ಮೈಸೂರಿನ ಯಾದವಗಿರಿಯದು.
ಬೀಟೆ ಮರದ ಊಟದ ಮೇಜು,
ಅಂಚಿಗೆಲ್ಲ ಬಿಳಿ ಬಳ್ಳಿ ಕೆತ್ತಿ ಕೂಡಿಸಿದ್ದು.
ನಡುವೆ ಒಂದು ಉಂಗುರ, ಅದು ಕೂಡಿಸಿದ್ದಲ್ಲ,
ಹೋದ ಯುಗಾದಿಗೆ ಒಬ್ಬಟ್ಟಿನ ಸಾರು ಕೂತೆದ್ದ ಗುರುತು.
ವನಮಾಲಾ ಮೇಡಂ ಅದನ್ನು ತೋರಿಸಿದ್ದು
ಮಗುವಿನ ಮೊಣಕಾಲ ತರಚು ತೋರಿಸುವ ಹಾಗೆ.
"ಹನ್ನೆರಡು ಚೌಕ, ಉದ್ದಕ್ಕೊಂದು ಪಟ್ಟಿ.
ಇನ್ನೊಂದು ಉಂಗುರ ಬೀಳಬಾರದು, ಅಷ್ಟೇ."

ಮೊದಲ ತುಂಡಿಗೆ ಜಿಪುಣತನ ಮಾಡಿದೆ.
ಬೆಳ್ಳಿಹಾಳೆ ಒಂದೇ ಪದರ, ಮೇಲೆ ಕೆಳಗೆ ಬಟ್ಟೆ,
ಓರೆಗೆರೆಯ ಹೊಲಿಗೆ, ಅರ್ಧರ್ಧ ಅಂಗುಲಕ್ಕೆ ಸಾಲು.
ನೋಡಲು ಚೆಂದ.
ಪರೀಕ್ಷೆಗೆ ಅತ್ತೆಯನ್ನೇ ಕರೆದೆ, ಕೆಂಪಾಜಮ್ಮನನ್ನು.
ಮೂವತ್ತೆಂಟು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವಳು.
ಬೆರಳು ನೀರಿಗದ್ದಿ, ಕೊಪ್ಪರಿಗೆಯಿಂದ ತೊಟ್ಟೆತ್ತಿ,
ಉಂಡೆ ತಿರುವಿ "ಇಳಿಸ್ರೋ" ಅಂದರೆ
ನಾಲ್ಕಾಳು ಓಡಿಬಂದು ಇಳಿಸುತ್ತಿದ್ದರು.
ಬಿಸಿಯ ವಿಷಯಕ್ಕೆ ಇವಳಿಗಿಂತ ಯಾರು ಬೇಕು?

ಚೌಕದಡಿ ಅಂಗೈ ಚಾಚಿ ಕೂತಳು.
ಮೇಲೆ, ಈಗಷ್ಟೇ ಒಲೆಯಿಂದಿಳಿದ ಹುರುಳಿಸಾರಿನ ಪಾತ್ರೆ.
ನೂರು ಎಣಿಸಿದೆ.
"ಏನೂ ಇಲ್ಲ ಕನೆ. ತಣ್ಣಗದೆ."
ಇನ್ನೂ ನೂರು.
"ತಣ್ಣಗದೆ ಅಂದ್ನಲ್ಲ."

ಕೈ ತೆಗೆದಾಗ ಮೊದಲು ನೋಡಿದ್ದು ಶಿವಮಣಿ.
ಅಂಗೈಯಲ್ಲಿ ಕೆಂಪಗೆ, ಅರ್ಧ ಉಂಗುರ.

ತಣ್ಣೀರು ತಂದೆ. ನಗುತ್ತಾ ಕೈ ಮುಳುಗಿಸಿದಳು,
ಯಾರದೋ ಕೈ ತೊಳೆಯುವವಳ ಹಾಗೆ.
"ಈ ಕೈನ ಬೆಲ್ಲ ತಿಂದು ಯಾವ ಕಾಲಾಯ್ತೋ.
ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ರಾತ್ರಿ ಎಲ್ಲ ಬಿಚ್ಚಿದೆ.
ಈ ಹಾಳೆ ಕ್ಷಮಿಸುವ ಜಾತಿಯಲ್ಲ,
ಸೂಜಿ ಹೊಕ್ಕಲ್ಲೆಲ್ಲ ತೂತು ಉಳಿಯುತ್ತದೆ,
ಬಿಸಿಗೆ ಅಷ್ಟು ದಾರಿ ಸಾಕು.
ಹೊಸದು ಕತ್ತರಿಸಿದೆ. ಬೆಳ್ಳಿ ಮಗ್ಗುಲು ಪಾತ್ರೆಯ ಕಡೆಗೆ,
ಅದರಡಿ ಬರೀ ಹತ್ತಿಯ ಎರಡು ಪದರ,
ಹೊಲಿಗೆ ಸಾಲು ಎರಡಂಗುಲ ದೂರ ದೂರ,
ದಾರವೂ ನೂಲಿನದೇ, ಪಾಲಿಯೆಸ್ಟರ್ ಕರಗಿ ಕೈಕೊಡುತ್ತದೆ.
ಹದಿನಾರನೇ ನಂಬರಿನ ಸೂಜಿ ಒಂದು ಮುರಿಯಿತು.
ಮಾವ ಎದ್ದುಬಂದು, ತಡಿ ಬೇಕಾದರೆ ನನ್ನ ಹಳೇ ಪಂಚೆ ತಗೊ,
ಬೀಡಿ ಸುಟ್ಟ ಜಾಗ ಬಿಟ್ಟು ಕತ್ತರಿಸ್ಕೊ ಎಂದು
ಮತ್ತೆ ಹೋಗಿ ಮಲಗಿದರು.

ಈ ಸಲ ಅಡಿಗಿಟ್ಟದ್ದು ನನ್ನ ಮಣಿಕಟ್ಟು, ಒಳಮಗ್ಗುಲು.
ಎಣಿಸಿದ್ದು ಅತ್ತೆ, ಗಡಿಯಾರ ನೋಡುತ್ತಾ.
"ಹೆಂಗದೆ?"
ಏನಿಲ್ಲ, ಎಂದೆ.
"ಈಗ?"
ಏನಿಲ್ಲ.
"ಈಗ? ಸರ್ಯಾಗಿ ಹೇಳು."
ಹಸು ಮಲಗಿ ಎದ್ದುಹೋದ ಜಾಗ ಮುಟ್ಟಿದಂಗದೆ, ಎಂದೆ.
ಎಣಿಕೆ ನಿಂತಿತು.
"ಅದು ನೆಪ್ಪದೆ," ಅಂದಳು.
ಎಷ್ಟರಲ್ಲಿದ್ದೆವು ಎಂಬುದು ಇಬ್ಬರಿಗೂ ಮರೆತಿತ್ತು.

ಹನ್ನೆರಡೂ ಯಾದವಗಿರಿಗೆ ಹೋದವು.
ಮೇಡಂ ನಡುವಿನ ಪಟ್ಟಿಯನ್ನು ಸರಿಯಾಗಿ
ಆ ಹಳೇ ಉಂಗುರದ ಮೇಲೆ ಹಾಸಿ, ಹಿಂದೆ ಸರಿದು ನೋಡಿದರು.

ಉಳಿದ ಚೂರಿಗೆ ಹದಿಮೂರನೆಯದೊಂದು ಆಯಿತು,
ಬಣ್ಣ ಹೊಂದದ್ದು, ಒಂದು ಮೂಲೆ ಸೊಟ್ಟ.
ಅತ್ತೆಗೆ ಅದು ಬೇಡ, ಕುದಿವ ಕಾಫಿಯ ಲೋಟವನ್ನು
ಈಗಲೂ ಬರಿಗೈಯಲ್ಲೇ ಹಿಡಿಯುತ್ತಾಳೆ.
ನನ್ನ ಲೋಟ ಮಾತ್ರ ಚೌಕದ ಮೇಲಿಡುತ್ತಾಳೆ,
ಇಡುವ ಮೊದಲು ಅದನ್ನು ಕಿವಿಯ ಹತ್ತಿರ ಹಿಚುಕಿ,
ಚರಚರ ಯಾವ ಮಗ್ಗುಲಿಂದ ಬಂತು ಎಂದು ಕೇಳಿಕೊಂಡು.